ದೊರೆ ಸುಮ್ಮನಿದ್ದ ಹೊತ್ತು

ನಮ್ಮ ಕನ್ನಡ ಸಿನಿಮಾ ಸೆಟ್ಟಿನಲ್ಲಿ ಕ್ಯಾಮೆರಾದ ಪಕ್ಕ ಯಾವಾಗಲೂ ಒಬ್ಬ ಪ್ರಾಂಪ್ಟರ್ ಇರುತ್ತಾನೆ. ಸಂಭಾಷಣೆಯ ಹಾಳೆ ಹಿಡಿದುಕೊಂಡು ಗಟ್ಟಿಯಾಗಿ ಓದುತ್ತಾ ಹೋಗುವುದು ಅವನ ಕೆಲಸ, ಕೇಳಿಸಿಕೊಂಡು ಹೇಳುವುದು ನಟನ ಕೆಲಸ. ಇಬ್ಬರ ದನಿಯೂ ಒಟ್ಟಿಗೆ ರೆಕಾರ್ಡ್ ಆಗುತ್ತದೆ, ಆದರೆ ಅದರ ಚಿಂತೆ ಯಾರಿಗೂ ಇಲ್ಲ, ಏಕೆಂದರೆ ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿಕೊಳ್ಳುತ್ತೇವೆ. ನಾನು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳು. ನಟನ ಮಾತು ಮುಗಿಯುವ ಮೊದಲೇ ಮುಂದಿನ ತುಂಡು ನನ್ನ ಬಾಯಿಂದ ಹೊರಟಿರಬೇಕು. ಅರೆಕ್ಷಣ ತಡವಾದರೂ ನಟ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾನೆ, ನಿರ್ದೇಶಕರು ನನ್ನ ಮೇಲೆ ಹಾರಾಡುತ್ತಾರೆ. ಸೆಟ್ಟಿನಲ್ಲಿ ಮೌನ ಬಿತ್ತೆಂದರೆ ತಪ್ಪು ನನ್ನದು. ಈ ಪಾಠ ಮೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲಿ ಯಾರಾದರೂ ಮಾತಿನ ನಡುವೆ ಉಸಿರು ತೆಗೆದುಕೊಂಡರೆ ಸಾಕು, ಆ ಮಾತನ್ನು ನಾನೇ ಮುಗಿಸುತ್ತಿದ್ದೆ. ನಿನ್ನ ಗಂಡ ಮಾತು ಕಡಿಮೆ ಮಾಡಿದ್ದೇ ಅದಕ್ಕೆ ಎಂದು ನನ್ನ ಅಕ್ಕ ಹಂಗಿಸುತ್ತಾಳೆ.

ಇಂಥವಳನ್ನು ಒಂದು ಇಂಗ್ಲಿಷ್ ಚಿತ್ರಕ್ಕೆ ಕರೆದರು. ಇಂಗ್ಲೆಂಡಿನ ಹಿರಿಯ ನಟರೊಬ್ಬರು ಬೆಂಗಳೂರಿನಲ್ಲಿ ತಮ್ಮದೇ ಕತೆ ಬರೆದು, ತಾವೇ ನಿರ್ದೇಶಿಸಿ, ತಾವೇ ನಟಿಸುತ್ತಿದ್ದರು. ಅದರಲ್ಲಿ ಅವರಿಗೆ ಒಂಬತ್ತು ಕನ್ನಡ ವಾಕ್ಯಗಳಿದ್ದವು. ಅವನ್ನು ಕಲಿಸಬೇಕು, ಅಷ್ಟೇ. ಅವರ ಬಾಲ್ಯ ಕಳೆದದ್ದು ಇಲ್ಲೇ ಕಂಟೋನ್ಮೆಂಟಿನಲ್ಲಂತೆ. ಸ್ವಾತಂತ್ರ್ಯ ಬಂದ ಮೇಲೂ ಅವರ ತಂದೆ ಯಾವುದೋ ಕಂಪನಿಯ ಕೆಲಸದಲ್ಲಿ ಇಲ್ಲೇ ಉಳಿದಿದ್ದರು, ಇವರಿಗೆ ಎಂಟು ತುಂಬಿದಾಗ ಊರು ಬಿಟ್ಟರು. ಲೈಟಿನ ಹುಡುಗರು ಅವರಿಗೆ ಮೊದಲ ದಿನವೇ ದೊರೆ ಎಂದು ಹೆಸರಿಟ್ಟರು. ಅರ್ಥ ಕೇಳಿ ತಿಳಿದುಕೊಂಡು, ಜೀವಮಾನದಲ್ಲಿ ಯಾರೂ ತಮಗೆ ದೊರೆಯ ಪಾತ್ರ ಕೊಟ್ಟಿಲ್ಲ, ಬರೀ ಸಿಪಾಯಿ, ಡಾಕ್ಟರು, ಕೊಲೆಗಾರ ಎಂದು ಅವರು ನಕ್ಕರು. ನಾನೂ ಹಾಗೇ ಕರೆಯುತ್ತೇನೆ.

ಕತೆ ಸಣ್ಣದು. ಒಬ್ಬ ಮುದುಕ ಇಂಗ್ಲೆಂಡಿನಿಂದ ಹಲಸೂರಿಗೆ ಬಂದು, ತನ್ನನ್ನು ಎತ್ತಿ ಆಡಿಸಿದ ಆಯಾಳ ಮಗಳನ್ನು ಹುಡುಕುತ್ತಾನೆ. ಏಳು ವರ್ಷದವನಿದ್ದಾಗ ಅವನು ಅಪ್ಪನ ಗಡಿಯಾರವನ್ನು ಆಟವಾಡುತ್ತಾ ಬಾವಿಗೆ ಹಾಕಿದ್ದ. ಹೆದರಿ, ಆಯಾ ತೆಗೆದುಕೊಂಡಳು ಎಂದು ಸುಳ್ಳು ಹೇಳಿದ್ದ. ಅವಳನ್ನು ಕೆಲಸದಿಂದ ಓಡಿಸಿದ್ದರು. ಕೊನೆಯ ದೃಶ್ಯದಲ್ಲಿ ಅವನು ಆ ಮಗಳ ಮುಂದೆ ಕೂತು ಆರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ, ಅವಳಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಕಡೆಗೆ ಕನ್ನಡದಲ್ಲಿ ಹೇಳುತ್ತಾನೆ: ಆ ಗಡಿಯಾರ ನಿಮ್ಮಮ್ಮ ತಗೊಂಡಿರ್ಲಿಲ್ಲ. ಅದನ್ನ ಬಾವಿಗೆ ಹಾಕಿದ್ದು ನಾನು.

ಹಲಸೂರಿನ ಆಯಾ ಅಂದರೆ ತಮಿಳು ಮಾತಾಡುವವಳು ಇರಬೇಕಲ್ಲವೇ ಸಾರ್ ಎಂದು ನಾನು ಅಧಿಕಪ್ರಸಂಗ ಮಾಡಿದೆ. ಅವಳು ಕೆ.ಆರ್. ಪುರದ ಆಚೆಯ ಹಳ್ಳಿಯವಳು, ಕನ್ನಡವೇ ಆಡುತ್ತಿದ್ದಳು ಎಂದು ಅವರು ತಟ್ಟನೆ ಹೇಳಿದರು. ಕಟ್ಟಿ ಬರೆದ ಕತೆಯ ಬಗ್ಗೆ ಯಾರೂ ಅಷ್ಟು ಬೇಗ ಉತ್ತರ ಕೊಡುವುದಿಲ್ಲ.

ಇಂದಿರಾನಗರದಲ್ಲಿ ಅವರಿಗೆ ಕೊಟ್ಟಿದ್ದ ಮನೆಯಲ್ಲಿ ನಮ್ಮ ಅಭ್ಯಾಸ ಶುರುವಾಯಿತು. ನಾನು ಒಂದು ತುಂಡು ಹೇಳುವುದು, ಅವರು ಹೇಳುವುದು. ಮುಂದಿನ ತುಂಡು ಬೇಕಾದಾಗ 'ಮುಂದೆ?' ಎಂದು ಕೇಳಲು ಕಲಿಸಿದೆ. ಆಯಾಳ ಮಗಳ ಮಾತುಗಳನ್ನು ನಾನು ಓದುತ್ತಿದ್ದೆ. ಒಂದು ವಾರದಲ್ಲಿ ಒಂಬತ್ತು ವಾಕ್ಯಗಳೂ ಅವರ ನಾಲಿಗೆಗೆ ಕೂತವು. 'ಳ' ಮಾತ್ರ ಕಡೆಯವರೆಗೂ ಬರಲಿಲ್ಲ.

ಕನ್ನಡ ಕೂತಿತು. ಹೋಗತೊಡಗಿದ್ದು ಇಂಗ್ಲಿಷ್. ಎರಡನೆಯ ವಾರ, ಅವರೇ ಬರೆದ ಸಾಲಿನ ನಡುವೆ ನಿಂತು ನನ್ನ ಕಡೆ ನೋಡಿ 'ಮುಂದೆ?' ಅಂದರು. ನಾನು ತಮಾಷೆ ಅಂದುಕೊಂಡೆ. ಮಾರನೆಯ ದಿನ ನಾಲ್ಕು ಕಡೆ ಹಾಗಾಯಿತು.

ಆ ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ದಂಡೆಯಲ್ಲಿ ನಡೆಯುತ್ತಾ ಅವರು ಬಾಯಿ ಬಿಟ್ಟರು. ಊರಿನಲ್ಲಿ ಡಾಕ್ಟರು ನೋಡಿ ಹೇಳಿದ್ದಾರೆ, ನೆನಪು ಹೋಗುವ ಕಾಯಿಲೆ. ತಮ್ಮ ಮಗಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ನಿರ್ಮಾಪಕಿಗೆ ತಿಳಿದರೆ ಅವರು ಚಿತ್ರದ ವಿಮೆಯವರಿಗೆ ಹೇಳಲೇಬೇಕು, ಹೇಳಿದ ದಿನವೇ ಚಿತ್ರ ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಅವರ ಕೈಗೆ ಯಾರೂ ಚಿತ್ರ ಕೊಟ್ಟಿರಲಿಲ್ಲ. ಒಂದು ಕಾಲದಲ್ಲಿ ದೊಡ್ಡ ಹೆಸರು ಬಂದಿತ್ತು, ಆಮೇಲೆ ಎರಡು ಚಿತ್ರ ಮಕಾಡೆ ಮಲಗಿದವು, ಅಷ್ಟೇ. ಇದನ್ನೆಲ್ಲ ಬೇರೆ ಯಾರದೋ ವಿಷಯದ ಹಾಗೆ ಹೇಳಿದರು. ಆಮೇಲೆ ನಿಂತು ಹೇಳಿದರು:

"ಆ ಎರಡು ವಾಕ್ಯ ನನ್ನ ಬಾಯಿಂದಲೇ ಬರಬೇಕು. ಬಂದ ಮೇಲೆ ಉಳಿದದ್ದು ಏನು ಬೇಕಾದರೂ ಹೋಗಲಿ."

ಗಡಿಯಾರದ ವಿಷಯ ನಿಜವೇ ಎಂದು ಕೇಳಿದೆ. ಗಡಿಯಾರಕ್ಕೆ ಬೆಳ್ಳಿಯ ಸರಪಳಿ ಇತ್ತು ಎಂದರು. ಮರೆತಲ್ಲಿ ಪದ ಕೊಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಕರುಣೆಯಿಂದ ಒಪ್ಪಿಕೊಂಡೆ ಅಂದರೆ ಸುಳ್ಳಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸವನ್ನು ಒಬ್ಬರು ದೊಡ್ಡದೆಂದು ತಿಳಿದದ್ದು ಅದೇ ಮೊದಲು. ನಾನು ಉಬ್ಬಿಹೋಗಿದ್ದೆ.

ಆದರೆ ಒಂದು ತೊಡಕಿತ್ತು. ಆ ಚಿತ್ರಕ್ಕೆ ಡಬ್ಬಿಂಗ್ ಇರಲಿಲ್ಲ. ನಟ ಅಲ್ಲಿ ಆಡಿದ ಮಾತೇ ಪರದೆಯ ಮೇಲೂ ಬರಬೇಕು, ಸೆಟ್ಟಿನಲ್ಲಿ ಸೂಜಿ ಬೀಳುವ ಸದ್ದೂ ಆಗಬಾರದು. ಅಂಥ ಕಡೆ ಪ್ರಾಂಪ್ಟರಿಗೆ ಏನು ಕೆಲಸ? ಸೌಂಡ್ ರೆಕಾರ್ಡಿಸ್ಟ್‌ನನ್ನು ಸೇರಿಸಿಕೊಳ್ಳದೆ ದಾರಿಯಿರಲಿಲ್ಲ. ಫ್ರೇಜರ್ ಟೌನಿನವನು, ನಲವತ್ತರ ಆಸುಪಾಸು. ಶಿವಾಜಿನಗರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರ ಮಗ. ನಾನು ಸುತ್ತಿ ಬಳಸಿ ಶುರು ಮಾಡುವ ಮೊದಲೇ ಅವನು ಕೈಯೆತ್ತಿದ.

"ಅಕ್ಕಾ, ನಂಗೆ ಗೊತ್ತಾಗಿ ನಾಲ್ಕು ದಿನ ಆಯ್ತು, ರಿಹರ್ಸಲ್‌ಗೆ ಮೈಕ್ ಹಾಕಿದ್ನಲ್ಲ. ಹೆಡ್‌ಫೋನ್ ಹಾಕ್ಕೊಂಡೋನಿಗೆ ಎಲ್ಲಾ ಕೇಳ್ಸುತ್ತೆ. ಮರ್ತಾಗ ಅವ್ರ ಉಸಿರು ಬೇರೆ ಥರ ಆಗ್ಬಿಡುತ್ತೆ."

ಅವನೇ ಕಡಲೆಬೀಜದಷ್ಟು ಸಣ್ಣ ಇಯರ್‌ಪೀಸ್ ತಂದ. ನಾನು ಪಕ್ಕದ ಕೋಣೆಯಲ್ಲಿ ಮಾನಿಟರ್ ನೋಡುತ್ತಾ ಮೈಕಿನಲ್ಲಿ ಪಿಸುಗುಟ್ಟುವುದು, ದೊರೆಯ ಎಡಗಿವಿಗೆ ಅದು ಕೇಳಿಸುವುದು. ಬಲಗಿವಿ ಮೊದಲಿಂದ ಮಂದ. ಪೂರ್ತಿ ಸಾಲು ಕೊಡಬೇಡಿ, ಮೊದಲ ಪದ ಸಾಕು, ಉಳಿದದ್ದು ನಾನೇ ಹುಡುಕಿಕೊಳ್ಳುತ್ತೇನೆ ಎಂದು ಅವರ ಹಟ. ಎಂಟು ದಿನ ಹೀಗೆ ನಡೆಯಿತು. ಕಾಕ್ಸ್ ಟೌನಿನ ಬೀದಿ, ರಸೆಲ್ ಮಾರ್ಕೆಟ್ಟಿನ ಹಿಂಭಾಗ, ಎಲ್ಲ ದೃಶ್ಯಗಳೂ ಮುಗಿದವು. ಯಾರಿಗೂ ಗುಟ್ಟು ತಿಳಿಯಲಿಲ್ಲ. ನಾನು ಕನ್ನಡ ಟೀಚರ್ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಕಡೆಯ ದೃಶ್ಯಕ್ಕೆ ಹಲಸೂರಿನ ಒಂದು ಗಲ್ಲಿಯಲ್ಲಿ ಹಳೆಯ ಹೆಂಚಿನ ಮನೆ ಸಿಕ್ಕಿತು. ಹಿತ್ತಲಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ. ದೊರೆ ಕೂತ ಜಾಗದ ಹಿಂದೆ ಕಿಟಕಿಯಲ್ಲಿ ಆ ಬಾವಿ ಕಾಣಬೇಕು, ಹಾಗಾಗಿ ಕ್ಯಾಮೆರಾ ಅವರ ಎಡಗಡೆಗೇ ಬರಬೇಕು. ಎಡಗಿವಿ ಪರದೆಯ ತುಂಬ. ಇಯರ್‌ಪೀಸ್ ಕಂಡುಬಿಡುತ್ತದೆ. ಬಲಗಡೆಯಿಂದ ತೆಗೆಯಿರಿ ಸಾರ್ ಎಂದು ಗೋಗರೆದೆ. ಆ ಕಡೆ ಬಾವಿ ಇಲ್ಲವಲ್ಲ ಅಂದರು. ನಮ್ಮ ಮುಂದೆ ಉಳಿದದ್ದು ಒಂದೇ ದಾರಿ, ನಮ್ಮ ಹಳೆಯ ದಾರಿ. ಮೇಜಿನ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ ನಾನು ನೆಲದ ಮೇಲೆ ಕೂರುವುದು. ಅವರಿಗೆ ಮರೆತರೆ ತೊಡೆಯ ಮೇಲಿನ ಬಲಗೈಯ ಕಿರುಬೆರಳು ಎತ್ತುತ್ತಾರೆ. ಬೆರಳು ಎದ್ದರೆ ಮಾತ್ರ ನಾನು ಬಾಯಿ ತೆಗೆಯಬೇಕು. ರೆಕಾರ್ಡಿಸ್ಟ್ ಷರತ್ತು ಹಾಕಿದ: ನಿಮ್ಮ ದನಿ, ಅವರ ದನಿ ಒಂದರ ಮೇಲೊಂದು ಬೀಳಬಾರದು, ನಡುವೆ ಸ್ವಲ್ಪ ಜಾಗ ಬಿಟ್ಟರೆ ನಿಮ್ಮದನ್ನು ಕತ್ತರಿಸಿ ತೆಗೆಯುತ್ತೇನೆ, ಬಿದ್ದರೆ ಅಲ್ಲಾನೇ ಗತಿ.

ಬೆಂಗಳೂರಿನಲ್ಲಿ ಆರು ನಿಮಿಷ ನಿಶ್ಶಬ್ದ ಹುಡುಕುವುದು ಹುಡುಗಾಟವಲ್ಲ. ರೆಕಾರ್ಡಿಸ್ಟ್ ಬಳಿ ಒಂದು ಪುಸ್ತಕವಿತ್ತು. ರೈಲು ಹೋಗುವ ಹೊತ್ತು, ಆಜಾನ್, ಶಾಲೆಯ ಗಂಟೆ, ಎದುರು ಮನೆಯವರು ಮೋಟರ್ ಹಾಕುವ ಹೊತ್ತು, ಎಲ್ಲ ಅದರಲ್ಲಿ. ಏಳು ಮನೆಗೆ ಹೋಗಿ ಮಧ್ಯಾಹ್ನದವರೆಗೆ ಮಿಕ್ಸಿ ಹಾಕಬೇಡಿ ಎಂದು ಕೇಳಿಕೊಂಡು ಬಂದೆವು. ಹಿಟ್ಟು ರುಬ್ಬದೆ ಕೂತರೆ ನಾಳೆ ನಿಮ್ಮ ದೊರೆ ಬಂದು ದೋಸೆ ಹಾಕಿಕೊಡ್ತಾನಾ ಎಂದು ಒಬ್ಬ ಅಜ್ಜಿ ಕೇಳಿದರು. ಆದರೂ ರುಬ್ಬಲಿಲ್ಲ, ಪಾಪ.

ಮೊದಲ ಟೇಕ್ ನಾಯಿಗಳ ಪಾಲಾಯಿತು. ಎರಡನೆಯದರಲ್ಲಿ ಕಿರುಬೆರಳು ಎರಡು ಸಲ ಎದ್ದಿತು, ನಾನು ಪದ ಕೊಟ್ಟೆ, ಸರಿಹೋಗುತ್ತಿತ್ತು, ಮೇಲೆ ವಿಮಾನ ಬಂತು. ಮೂರನೆಯದು ಯಾರದೋ ಸ್ಕೂಟರಿನ ಹಾರನ್.

ನಾಲ್ಕನೆಯ ಟೇಕ್ ಶುರುವಾದ ಅರ್ಧ ನಿಮಿಷಕ್ಕೇ ನಾನು ಹಾಳೆ ನೋಡುವುದನ್ನು ಬಿಟ್ಟೆ. ದೊರೆ ಕಲಿತ ಸಾಲನ್ನು ಒಪ್ಪಿಸುತ್ತಿರಲಿಲ್ಲ. ನಿಜವಾಗಿ ಆ ಹೆಂಗಸಿನೊಂದಿಗೆ ಮಾತಾಡುತ್ತಿದ್ದರು. ಒಂದೊಂದು ಸಾಲೂ ತಾನಾಗಿ ಬರುತ್ತಿತ್ತು. ನನ್ನ ಕಣ್ಣು ಕಿರುಬೆರಳಿನ ಮೇಲೇ ಇತ್ತು, ಅದು ಅಲುಗಲೇ ಇಲ್ಲ. ಐದು ನಿಮಿಷ ದಾಟಿತು. ಎದುರು ಕೂತ ನಟಿಯ ಕಣ್ಣಲ್ಲಿ ನೀರು ಬಂತು, ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಆಮೇಲೆ ಕನ್ನಡ.

"ಆ ಗಡಿಯಾರ ನಿಮ್ಮಮ್ಮ ತಗೊಂಡಿರ್ಲಿಲ್ಲ."

ನಿಲ್ಲಿಸಿದರು. ಅಭ್ಯಾಸದಲ್ಲಿ ಇಲ್ಲಿ ಮೂರು ಎಣಿಸುವಷ್ಟು ಹೊತ್ತು ನಿಲ್ಲಿಸುತ್ತಿದ್ದರು. ಮೂರು ಆಯಿತು. ನಾಲ್ಕು. ಬೆರಳು ನೋಡಿದೆ, ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಐದು. ಬೆರಳು ಎತ್ತುವುದನ್ನೂ ಮರೆತರೇ? ಆರು. ಇಷ್ಟು ಚೆನ್ನಾಗಿ ಬಂದದ್ದು ದಡದಲ್ಲಿ ಮುಳುಗುತ್ತದಲ್ಲಪ್ಪಾ ದೇವರೇ. ಏಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಎಂಟಕ್ಕೆ ನನ್ನ ಬಾಯಿಂದ 'ಅದನ್ನ ಬಾವಿಗೆ' ಹೊರಟೇಬಿಟ್ಟಿತು. ಅದೇ ಕ್ಷಣಕ್ಕೆ ಅವರೂ 'ಅದನ್ನ' ಎಂದು ಶುರುಮಾಡಿದ್ದರು. ಎರಡು ದನಿ ಒಂದರ ಮೇಲೊಂದು ಬಿದ್ದವು.

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ ಮುಖದಲ್ಲಿ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮಾತು ನನ್ನ ಹತ್ತಿರ ಇತ್ತು," ಅಂದರು. "ನಾನು ಸುಮ್ಮನಿದ್ದೆ ಅಷ್ಟೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಊಟದ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, "ಉಸಿರು ಬದಲಾಗಿರ್ಲಿಲ್ಲ ಅಕ್ಕಾ," ಎಂದ. ಅದನ್ನು ಅವನು ನನ್ನನ್ನು ಚುಚ್ಚಲು ಹೇಳಲಿಲ್ಲ, ಗೊತ್ತು. ಆದರೂ ಬಾವಿಯ ಜಾಲರಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ.

ಅವತ್ತು ಮತ್ತೆ ಐದು ಟೇಕ್, ಮಾರನೆಯ ದಿನ ನಾಲ್ಕು. ಯಾವುದೂ ಬರಲಿಲ್ಲ. ತಾವು ಸುಮ್ಮನಿರುವುದು ಯಾವುದು, ಮರೆತದ್ದು ಯಾವುದು ಎಂಬುದು ಈಗ ಅವರಿಗೇ ತಿಳಿಯುತ್ತಿರಲಿಲ್ಲ. ಪ್ರತಿ ವಾಕ್ಯದ ಕೊನೆಗೆ ಕಣ್ಣು ನನ್ನ ಕಡೆ ಹೊರಳುತ್ತಿತ್ತು. ಅದುವರೆಗೆ ಅವರು ಕಾಯಿಲೆಗೆ ಹೆದರಿದವರಲ್ಲ. ಆ ಹೆದರಿಕೆಯನ್ನು ಅವರೊಳಗೆ ಹಾಕಿದವಳು ನಾನು.

ನಾಲ್ಕನೆಯ ಟೇಕನ್ನು ಉಳಿಸಲು ರೆಕಾರ್ಡಿಸ್ಟ್ ಮೂರು ದಿನ ಒದ್ದಾಡಿದ. ನನ್ನ ದನಿ ತೆಗೆದರೆ ಅವರದೂ ಹೋಗುತ್ತಿತ್ತು. ಅವರ ಹಳೆಯ ಚಿತ್ರಗಳಿಂದ ದನಿ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಆ ವಾಕ್ಯ ಹುಟ್ಟಿಸಬಹುದು ಎಂದು ನಿರ್ಮಾಪಕಿ ಹೇಳಿದರು. ತಪ್ಪೊಪ್ಪಿಗೆಯನ್ನು ಯಂತ್ರದ ಕೈಲಿ ಹೇಳಿಸುವುದಾದರೆ ಚಿತ್ರವೇ ಬೇಡ ಎಂದು ದೊರೆ ಎದ್ದು ಹೋದರು. ಕಡೆಗೆ ನಾನು ನಮ್ಮವರ ರಾಮಬಾಣ ತೆಗೆದೆ, ಡಬ್ಬಿಂಗ್‌ನಲ್ಲಿ ನೋಡಿಕೊಳ್ಳೋಣ.

ಕಮ್ಮನಹಳ್ಳಿಯ ಒಂದು ಸ್ಟುಡಿಯೋದಲ್ಲಿ ಒಂದು ಮಧ್ಯಾಹ್ನ ಪ್ರಯತ್ನ ಮಾಡಿದೆವು. ಪರದೆಯ ಮೇಲೆ ಅವರದೇ ಮುಖ. ತುಟಿ ಅಲುಗಿದಾಗ ಆ ಒಂದು ವಾಕ್ಯ ಹೇಳಬೇಕು. ನಮ್ಮ ಚಿಳ್ಳೆಪಿಳ್ಳೆ ನಟರೂ ಮಾಡುವ ಕೆಲಸ. ದೊರೆ ಪರದೆಯನ್ನು ನೋಡುತ್ತಾ ನೋಡುತ್ತಾ ಹೇಳುವುದನ್ನೇ ಬಿಡುತ್ತಿದ್ದರು. ಮತ್ತೆ ಹಾಕಿದೆವು, ಮತ್ತೆ. ಹತ್ತನೆಯ ಸಲವೋ ಏನೋ, ಪರದೆಯಲ್ಲಿ ತಾವು ಸುಮ್ಮನಿರುವುದನ್ನು ತೋರಿಸಿ, ನೋಡಿ, ಇದು ಚೆನ್ನಾಗಿದೆ, ಇಲ್ಲಿ ಮಾತೇ ಬೇಡ ಅಂದರು. ನಿರ್ಮಾಪಕಿ ಗಾಜಿನ ಆಚೆ ನಿಂತಿದ್ದರು.

ನಿರ್ಮಾಪಕಿ ನನ್ನನ್ನು ಹೊರಗೆ ಕರೆದರು. ಯೂನಿಟ್ಟಿನಲ್ಲಿ ಒಂದು ಮಾತು ಓಡಾಡುತ್ತಿದೆ, ನೀವು ದಿನವೂ ಅವರ ಜೊತೆ ಇರುವವರು, ನಿಜ ಹೇಳಿ, ಅವರು ಕುಡಿಯುತ್ತಾರಾ ಎಂದು ಕೇಳಿದರು. ತಾನೇ ಬರೆದ ಸಾಲು ಕಲಿಯದ ಕುಡುಕ ಎಂದು ಲಂಡನ್ನಿನವರೆಗೂ ಸುದ್ದಿ ಹೋಗಿದೆಯಂತೆ.

ಅತ್ತ ದರಿ, ಇತ್ತ ಪುಲಿ. ನಾನು ಸುಮ್ಮನಿದ್ದರೆ ಅವರು ಕುಡುಕರಾಗಿಯೇ ಉಳಿಯುತ್ತಾರೆ. ನನ್ನ ತಪ್ಪು ಹೇಳಬೇಕೆಂದರೆ, ನಾನು ಮೇಜಿನ ಪಕ್ಕ ಯಾಕೆ ಕೂತಿದ್ದೆ ಎಂಬುದನ್ನೂ ಹೇಳಬೇಕು. ಕೆರೆಯ ದಂಡೆಯಲ್ಲಿ ಮಾತು ಕೊಟ್ಟಿದ್ದೆ. ಕಾರಿಡಾರಿನಲ್ಲಿ ನಿರ್ಮಾಪಕಿ ಕಾಯುತ್ತಾ ನಿಂತಿದ್ದರು, ನಾನು ಆ ಮೌನವನ್ನೂ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕಾಯಿಲೆ, ಇಯರ್‌ಪೀಸ್, ಕಿರುಬೆರಳು, ನಾಲ್ಕನೆಯ ಟೇಕ್. ಅವತ್ತು ಅವರು ಮರೆತಿರಲಿಲ್ಲ, ಕೆಡಿಸಿದ್ದು ನಾನು ಎಂದು ಮೂರು ಸಲ ಹೇಳಿದೆ. ಹೇಳಿದ್ದು ಅವರ ಮರ್ಯಾದೆಗಾಗಿಯೋ ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನಿರ್ಮಾಪಕಿ ಕೆಟ್ಟವರಲ್ಲ. ಆದರೂ ಮಾಡಬೇಕಾದದ್ದು ಮಾಡಿದರು, ವಿಮೆಯವರಿಗೆ ಹೇಳಿದರು. ಒಂದು ವಾರದಲ್ಲಿ ಚಿತ್ರ ನಿಂತಿತು. ಹಲಸೂರಿನ ಮನೆಯ ಮುಂದೆ ಲೈಟು, ಟ್ರಾಲಿ ಎಲ್ಲವನ್ನೂ ಲಾರಿಗೆ ಏರಿಸುವಾಗ ಅದೇ ಅಜ್ಜಿ ಬಾಗಿಲಲ್ಲಿ ನಿಂತು, ಇನ್ನು ರುಬ್ಬಬಹುದೇನಮ್ಮಾ ಎಂದು ಕೇಳಿದರು. ರುಬ್ಬಿ ಅಜ್ಜಿ ಎಂದೆ.

ದೊರೆ ಹೊರಡುವ ದಿನ ಇಂದಿರಾನಗರದ ಮನೆಗೆ ಹೋದೆ. ಸೂಟ್‌ಕೇಸು ಬಾಗಿಲ ಬಳಿ ಇತ್ತು. ಮುಖ ಕೊಟ್ಟು ಮಾತಾಡುತ್ತಾರೋ ಇಲ್ಲವೋ ಎಂಬ ಅಂಜಿಕೆ ಇತ್ತು.

"ನಾನು ಮರೆತಿರಲಿಲ್ಲ ಅಂತ ನಿರ್ಮಾಪಕಿಗೆ ಹೇಳಿದಿರಾ?" ಎಂದು ಕೇಳಿದರು.

"ಹೇಳಿದೆ ಸಾರ್."

"ಅದನ್ನು ಹೇಳಿದ್ದು ಒಳ್ಳೆಯದಾಯಿತು. ಉಳಿದದ್ದನ್ನು ಹೇಳಬಾರದಿತ್ತು."

ಅಷ್ಟೇ. ಟ್ಯಾಕ್ಸಿ ಬಂತು. ಕಗ್ಗದಾಸಪುರದ ನನ್ನ ಮನೆಗೆ ನಾನು ನಡೆದೇ ಬಂದೆ.

ಪ್ರಾಂಪ್ಟಿಂಗ್ ಕೆಲಸ ನನ್ನಿಂದ ಆಮೇಲೆ ಆಗಲಿಲ್ಲ. ಒಂದು ಧಾರಾವಾಹಿಗೆ ಹೋದೆ. ನಟಿ ಮಾತು ಮುಗಿಸಿ ನಿಂತಳು, ನಾನು ಸುಮ್ಮನೆ ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಮೇಡಂ, ನಿದ್ದೆನಾ ಎಂದು ನಿರ್ದೇಶಕ ಕೂಗಿದ. ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಬೇರೆಯವನನ್ನು ಕರೆಸಿದ. ಈಗ ಮನೆಯಲ್ಲೇ ಕೂತು ಸಂಭಾಷಣೆಯ ಹಾಳೆಗಳನ್ನು ಟೈಪ್ ಮಾಡಿಕೊಡುತ್ತೇನೆ.

ಒಂದೂವರೆ ವರ್ಷದ ಮೇಲೆ ದೊರೆಯ ಮಗಳಿಂದ ಮೆಸೇಜ್ ಬಂತು. ಅಪ್ಪ ಈಗ ಒಂದು ಆರೈಕೆ ಮನೆಯಲ್ಲಿದ್ದಾರೆ, ಅಲ್ಲಿನ ನರ್ಸಿಗೆ ದಿನವೂ ಏನೋ ಒಂದು ಹೇಳುತ್ತಾರೆ, ನಮಗೆ ಯಾರಿಗೂ ಅರ್ಥವಾಗುವುದಿಲ್ಲ, ನಿಮ್ಮ ಭಾಷೆ ಇರಬಹುದು, ಒಮ್ಮೆ ಕೇಳುತ್ತೀರಾ ಎಂದು ಬರೆದಿದ್ದಳು. ಒಂದು ಶನಿವಾರ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಇಳಿದುಹೋಗಿದ್ದರು. ನಮಸ್ಕಾರ ಸಾರ್ ಎಂದೆ. ನಾನು ಯಾರೆಂದು ತಿಳಿಯಲಿಲ್ಲ, ಆದರೂ ನಕ್ಕರು. ಆಮೇಲೆ ಸ್ವಲ್ಪ ಮುಂದೆ ಬಾಗಿ ಸ್ಪಷ್ಟವಾಗಿ ಹೇಳಿದರು:

"ಆ ಗಡಿಯಾರ ನಿಮ್ಮಮ್ಮ ತಗೊಂಡಿರ್ಲಿಲ್ಲ."

ನಿಂತರು.

ಇನ್ನೂ ಇದೆಯಾ ಎಂದು ಮಗಳು ಪಕ್ಕದಿಂದ ಕೇಳಿದಳು. ಇದೆ, ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಈ ಸಲ ನಾನು ಕಾದೆ. ಮೂರು ಎಣಿಸಿದೆ, ಎಂಟು ಎಣಿಸಿದೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಇಪ್ಪತ್ತು ಆಯಿತು, ನಲವತ್ತು ಆಯಿತು. ಅವರ ಕಣ್ಣು ನನ್ನ ಮುಖದ ಮೇಲೆಲ್ಲ ಏನೋ ಹುಡುಕುತ್ತಿತ್ತು. ಎಷ್ಟು ಹೊತ್ತು ಬೇಕಾದರೂ ಕಾಯಲು ನಾನು ತಯಾರಿದ್ದೆ. ಅವರ ತುಟಿ ಒಮ್ಮೆ ಅಲುಗಿತು.

"ಮುಂದೆ?" ಅಂದರು.

ಆ ಮಾತು ಅವರ ಹತ್ತಿರ ಇರಲಿಲ್ಲ. ಇನ್ನು ಯಾವತ್ತೂ ಇರುವುದಿಲ್ಲ.

"ಅದನ್ನ ಬಾವಿಗೆ ಹಾಕಿದ್ದು ನಾನು," ಎಂದು ಹೇಳಿದೆ. ಅರ್ಥವಾಗಲಿಲ್ಲವೇನೋ ಎಂದು ಇಂಗ್ಲಿಷಿನಲ್ಲೂ ಹೇಳಿದೆ. ಅವರು ಗಮನವಿಟ್ಟು ಕೇಳಿಸಿಕೊಂಡರು. ಆ ಮಾತು ಮತ್ತೆ ಅವರ ಬಾಯಿಂದ ಬರಲಿ ಎಂದು ನಾನು ನೋಡುತ್ತಲೇ ಇದ್ದೆ. ಬರಲಿಲ್ಲ. ಮೊದಲ ಸಲ ಕೇಳಿದ ಸಂಗತಿಯ ಹಾಗೆ ಅವರು ತಲೆದೂಗಿದರು, ಬಾವಿಗೆ ಹಾಕಿದವಳು ನಾನೇ ಅಂದುಕೊಂಡರೇನೋ, ನನ್ನನ್ನು ನೋಡಿ ಅವರಿಗೆ ಪಾಪ ಅನ್ನಿಸಿತು.

"ಹೋಗಲಿ ಬಿಡಿ," ಎಂದು ತಮ್ಮ ಭಾಷೆಯಲ್ಲಿ ಹೇಳಿದರು. "ಆಗ ನೀವು ಚಿಕ್ಕ ಮಗು."

ಥ್ಯಾಂಕ್ಸ್ ಸಾರ್ ಎಂದೆ.